ಮೀನಿನ ಪಾಲಿನ ನೀರು

ಕಲ್ಲುಹಳ್ಳ

ನಮ್ಮ ಕಲ್ಲುಹಳ್ಳದಲ್ಲಿ ದೀಪ ಆರಿಸುವ ಮುಂಚೆ ಕೂಗಬೇಕು. ತಮಾಷೆಗೆ ಹೇಳುತ್ತಿಲ್ಲ, ಅದು ನಮ್ಮಲ್ಲಿ ಕಟ್ಟುಪಾಡು.

ಹೆಗ್ಗದ್ದೆಯಿಂದ ಕಾಡಿನ ಕಡೆಗೆ ಇಳಿದರೆ ಸಿಗುವ ಒಂದು ಹಿಡಿ ಮನೆಗಳು ನಮ್ಮವು. ಕಂಬ ಹಾಕಿ ಲೈನ್ ಎಳೆಯಲು ಯಾರೂ ಅಲ್ಲಿಗೆ ಬರಲಿಲ್ಲ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯಲ್ಲಿ ಇಂಜಿನ್ನಿಗೆ ಎಣ್ಣೆ ಬಿಡುತ್ತ ಬೆಳೆದವನು. ಹಳ್ಳಕ್ಕೆ ಅಡ್ಡ ಕಟ್ಟೆ ಕಟ್ಟಿ, ಪೈಪಿನಲ್ಲಿ ನೀರು ಇಳಿಸಿ, ಕೆಳಗೆ ಚಕ್ರ ಕೂರಿಸಿ, ಮನೆಮನೆಗೆ ತಂತಿ ಎಳೆದವನು ನಾನೇ. ಹೊಗಳಿಕೊಳ್ಳುತ್ತಾನೆ ಅನ್ನಿ, ಬೇಜಾರಿಲ್ಲ. ಕೈ ಒಡೆದುಕೊಂಡು ಮಾಡಿದ ಕೆಲಸವನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ.

ಆದರೆ ನನ್ನ ಚಕ್ರಕ್ಕೆ ಲಗಾಮಿಲ್ಲ. ನೀರು ಎಷ್ಟು ಬೀಳುತ್ತದೋ ಅಷ್ಟು ಕರೆಂಟು ಹುಟ್ಟಿಯೇ ಹುಟ್ಟುತ್ತದೆ. ಹುಟ್ಟಿದ್ದನ್ನು ಯಾರಾದರೂ ಆ ಗಳಿಗೆಯೇ ಉಣ್ಣಬೇಕು. ಒಂದು ಮನೆಯವರು ದೀಪಗಳನ್ನೆಲ್ಲ ಒಟ್ಟಿಗೆ ಆರಿಸಿಬಿಟ್ಟರೆ ಅವರ ಪಾಲಿನದೂ ಮಿಕ್ಕವರ ಮನೆಗೆ ನುಗ್ಗಿ ಬಲ್ಬು ಪಟ್ ಎನ್ನುತ್ತದೆ. ಅದಕ್ಕೇ ನಮ್ಮಲ್ಲಿ ಹಗಲೂ ದೀಪ ಉರಿಯುತ್ತದೆ. ಆರಿಸಲೇಬೇಕೆಂದರೆ ಅಂಗಳಕ್ಕೆ ಬಂದು ನಡುಮನೆ ಪುಟ್ಟಮ್ಮನ ಕಡೆಗೆ ತಿರುಗಿ ಕೂಗಬೇಕು: "ಪುಟ್ಟಕ್ಕೋ, ಆರುಸ್ತೀನಿ!" ಅವಳ ಬಚ್ಚಲಿನಲ್ಲಿ ದೊಡ್ಡ ಹಂಡೆ, ಹಂಡೆಯೊಳಗೆ ಕರೆಂಟಿನಲ್ಲಿ ನೀರು ಕಾಯಿಸುವ ಕಾಯಿಲ್. ಅವಳು ಕಾಯಿಲಿನ ಸ್ವಿಚ್ ಒತ್ತಿ, "ಹೂಂ, ಆರ್ಸು!" ಎಂದ ಮೇಲೆಯೇ ನಾವು ಆರಿಸುವುದು. ಹೀಗೆ ಉಳಿದ ಕರೆಂಟಿನಲ್ಲಿ ಕಾದ ನೀರು ಊರಿಗೆಲ್ಲ ಸ್ನಾನಕ್ಕೆ.

ಈ ಕತೆ ನಡೆದ ವರ್ಷಗಳಲ್ಲಿ ಸರ್ಕಾರ ಕರೆಂಟಿನ ವ್ಯವಹಾರವನ್ನು ಬಿಡಿಸಿ ಹಂಚಿತ್ತು. ಹುಟ್ಟಿಸುವವರು ಬೇರೆ, ಸಾಗಿಸುವವರು ಬೇರೆ, ಮಾರುವವರು ಬೇರೆ. ನಮಗೆ ಕಂಡ ಬದಲಾವಣೆ ಎಂದರೆ ಆಫೀಸಿನ ಬಾಗಿಲ ಮೇಲೆ ಹೊಸ ಹೆಸರು. ಲೈನ್‌ಮ್ಯಾನ್ ಅವನೇ, ಸೈಕಲ್ಲೂ ಅದೇ. ಆದರೆ ಇನ್ನು ಮುಂದೆ ಯಾರು ಬೇಕಾದರೂ ಕರೆಂಟು ಹುಟ್ಟಿಸಿ ಮಾರಬಹುದು ಎಂದು ಕೇಳಿದೆ. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಒಬ್ಬ ಆಫೀಸರನ್ನು ವಿಚಾರಿಸಿದೆ. ಆತ ನಕ್ಕು, "ಯಾರು ಬೇಕಾದ್ರೂ ಅಂದ್ರೆ ಕಂಪನಿಗಳು ಕಣಯ್ಯ. ನಿನ್ನ ಕರೆಂಟ್ ನೀನೇ ಕುಡ್ಕೊ," ಎಂದು ಕಳಿಸಿದ.

ಆ ಮೇಲೆ ನಿಜವಾಗಿಯೂ ಕಂಪನಿ ಬಂತು. ನಮ್ಮ ಕಟ್ಟೆಯ ಮೇಲಿನಿಂದಲೇ ಹಳ್ಳವನ್ನು ದಪ್ಪ ಪೈಪಿಗೆ ತಿರುಗಿಸಿ, ಘಾಟಿಯ ಬುಡದಲ್ಲಿ ಮಿಷನ್ ಕೂರಿಸುತ್ತಾರಂತೆ. ನಾವು ಒಪ್ಪಿದರೆ ಮನೆಮನೆಗೆ ಲೈನ್ ಕರೆಂಟು ಕೊಡಿಸುತ್ತಾರಂತೆ. ಹೆಚ್ಚು ಕುಣಿದವನು ಪಕ್ಕದ ಮನೆ ತಮ್ಮಯ್ಯ. "ಲೈನ್ ಬಂದ್ ದಿನದಿಂದ ನಾನ್ ಕೂಗಲ್ಲ ಕಣೋ ಮಂಜ," ಎಂದು ನನ್ನ ಮುಖದ ಮೇಲೇ ಹೇಳಿದ. "ಸ್ವಿಚ್ ಒತ್ತಿದ್ರೆ ಆರ್ಬೇಕು. ನನ್ ದೀಪ ಆರ್ಸಕ್ಕೆ ಇನ್ನೊಬ್ರ ಅಪ್ಪಣೆ ಯಾಕ್ಲಾ?"

ಅವನ ಮಾತು ಸುಳ್ಳಲ್ಲ, ಅದೇ ನನಗೆ ಚುಚ್ಚಿದ್ದು.

ಅದೇ ಸಮಯಕ್ಕೆ ನಾನು ಕೆಲಸ ಮಾಡುವ ಎಸ್ಟೇಟಿನ ಸಾಹೇಬರ ತಂಗಿ ಐರಿನಮ್ಮ ರಜಕ್ಕೆ ಬಂದರು. ಎಷ್ಟೋ ವರ್ಷದಿಂದ ಜರ್ಮನಿಯಲ್ಲಿ ನರ್ಸು. ಅವರಿರುವ ಹಳ್ಳಿಯಲ್ಲೂ ಹಳ್ಳದಿಂದ ಕರೆಂಟು ತೆಗೆಯುವ ಮುದುಕನೊಬ್ಬ ಇದ್ದಾನೆ, ನಿಮ್ಮ ಚಕ್ರದ ಸುದ್ದಿ ಕೇಳಿ ಕರೆದುಕೊಂಡು ಬಾ ಎನ್ನುತ್ತಾನೆ, ಬರುತ್ತೀರಾ ಎಂದರು. ನಾನು ಆಲೂರು ಸಂತೆಗೆ ಹೊರಡುವವನ ಹಾಗೆ ಹೂಂ ಎಂದೆ.

ಹೊರಡುವ ದಿನ ಪುಟ್ಟಮ್ಮ ಜೀಪಿನ ಬಾಗಿಲು ಹಿಡಿದುಕೊಂಡು ಹೇಳಿದಳು: "ಮಂಜ, ಅಲ್ಲಿ ಹಳ್ಳಾನ ಕಂಪ್ನಿಗ್ ಕೊಟ್ಟೋರು ಏನಾದ್ರು ಅಂತ ನೋಡ್ಕೊಂಡ್ ಬಾ. ನೀನ್ ಬಂದು ಹೇಳಿದ್ಹಂಗೆ ಕೇಳ್ತೀವಿ. ಅಲ್ಲೀಗಂಟ ಯಾರೂ ಹೆಬ್ಬೆಟ್ಟು ಒತ್ತಲ್ಲ."

ತಮ್ಮಯ್ಯನೂ ತಲೆಯಾಡಿಸಿದ. ವಿಮಾನಕ್ಕಿಂತ ಆ ಮಾತೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಫ್ರಾಂಕ್‌ಫರ್ಟ್

ವಿಮಾನದ ಕತೆ ಬೇಡ, ಕೂತೆ, ಇಳಿದೆ. ಇಳಿದ ಮೇಲೆ ಕಕ್ಕಸಿಗೆ ಹೋದೆ. ಕನ್ನಡಿಯಂತೆ ಹೊಳೆಯುವ ನೆಲ, ಬೆಳ್ಳನೆ ದೀಪ. ಒಳಗೆ ಕೂತು ಅರ್ಧ ಕೆಲಸವೂ ಮುಗಿದಿಲ್ಲ, ಪೂರ್ತಿ ಕತ್ತಲೆ! ಯಾರೋ ಕೂಗದೆ ಆರಿಸಿದರು ಎಂದುಕೊಂಡೆ. ಒಬ್ಬರು ಹೀಗೆ ಆರಿಸಿದರೆ ಇಷ್ಟು ದೊಡ್ಡ ಊರಿನಲ್ಲಿ ಎಷ್ಟು ಬಲ್ಬು ಸುಟ್ಟಿರಬೇಡ! "ಯಾರ್ರೀ ಅದು?" ಎಂದು ಕೂಗಿ, ಗೋಡೆ ತಡವಲು ಕೈ ಎತ್ತಿದೆ. ಕೈ ಎತ್ತಿದ್ದೇ ತಡ ದೀಪ ಹತ್ತಿತು. ಮತ್ತೆ ಸುಮ್ಮನೆ ಕೂತೆ, ಮತ್ತೆ ಆರಿತು. ಕೈ ಆಡಿಸಿದೆ, ಹತ್ತಿತು. ಕೊನೆಗೆ ಗದ್ದೆಯಲ್ಲಿ ಹಕ್ಕಿ ಓಡಿಸುವವನ ಹಾಗೆ ಕೈ ಬೀಸುತ್ತಲೇ ಕೆಲಸ ಮುಗಿಸಿ ಬೆವೆತು ಹೊರಗೆ ಬಂದೆ.

"ಎಂತ ಮಾರಾಯ್ರೆ, ಒಳಗೆ ಯಾರಲ್ಲಿ ಜಗಳ?" ಎಂದರು ಐರಿನಮ್ಮ. ಅವರ ಮಾತು ಇವತ್ತಿಗೂ ಮಂಗಳೂರಿನ ಕಡೆಯದೇ. ಮನುಷ್ಯ ಅಲ್ಲಾಡದಿದ್ದರೆ ದೀಪ ತಾನೇ ಆರುತ್ತದೆ, ಕರೆಂಟು ಉಳಿಸಲಿಕ್ಕೆ ಎಂದು ವಿವರಿಸಿದರು. ಕರೆಂಟನ್ನು ಉಳಿಸುವುದು ಎಂಬ ಮಾತೇ ನನ್ನ ತಲೆಗೆ ಹೋಗಲಿಲ್ಲ. ನಮ್ಮಲ್ಲಿ ಅದು ಹಳ್ಳದ ನೀರು. ಇವತ್ತು ಬಳಸದಿದ್ದರೆ ನಾಳೆಗೆ ಇರುತ್ತದೆಯೇ?

ಕ್ಲೌಸನ ಮನೆ

ರೈಲು, ಆಮೇಲೆ ಬಸ್ಸು, ಆಮೇಲೆ ಬೆಟ್ಟ. ಕಪ್ಪು ಕಾಡು ಎಂದು ಹೆಸರಂತೆ. ನಮ್ಮ ಬಿಸಿಲೆ ಘಾಟಿಯ ಕಾಡು ನೋಡಿದ ಕಣ್ಣಿಗೆ ಅದು ಕಾಡಲ್ಲ, ಯಾರೋ ಸಾಲು ಹಿಡಿದು ನೆಟ್ಟ ತೋಟ. ಹುಲ್ಲಿನಲ್ಲಿ ನಡೆದು ಬಂದ ಮೇಲೆ ಅಭ್ಯಾಸಬಲದಿಂದ ಪ್ಯಾಂಟು ಎತ್ತಿ ಇಂಬಳ ಹುಡುಕಿದೆ. ಒಂದೂ ಇಲ್ಲ. ರಕ್ತ ಹೀರುವ ಹುಳ ಕೂಡ ಇಲ್ಲದ ಕಾಡು ಎಂಥ ಕಾಡು ಎಂದುಕೊಂಡೆ.

ಕ್ಲೌಸ್ ಎಂಬ ಆ ಮುದುಕ ನನ್ನ ಕೈಯನ್ನು ಹಿಡಿದು ಕುಲುಕಲಿಲ್ಲ, ತಿರುಗಿಸಿ ನೋಡಿದ. ಆಮೇಲೆ ತನ್ನ ಕೈ ತೋರಿಸಿದ. ಇಬ್ಬರ ಉಗುರಿನ ಸಂದಿನಲ್ಲೂ ಅದೇ ಕಪ್ಪು ಗ್ರೀಸು. ಭಾಷೆ ಬಾರದಿದ್ದರೂ ನಾವು ಅಲ್ಲಿಗೇ ನೆಂಟರಾದೆವು. ಅವನ ಹೆಂಡತಿ ಉರ್ಸುಲಮ್ಮ ಮಾತ್ರ ಅಷ್ಟು ಸುಲಭದ ಹೆಂಗಸಲ್ಲ. ನೆಟ್ಟಗೆ ನಿಂತು, ಒಳಗೆ ಬರುವ ಮುಂಚೆ ನನ್ನ ಬೂಟು ನೋಡಿದರು.

ಮಾರನೆಯ ಬೆಳಗ್ಗೆ ಎದ್ದು ಹಲ್ಲುಜ್ಜುತ್ತಿದ್ದೆ. ರೂಮಿನ ಹೊರಗೆ ಟಕ್ ಎಂದು ಸದ್ದು. ಇಣುಕಿದರೆ ಉರ್ಸುಲಮ್ಮ ಒಂದೊಂದೇ ದೀಪ ಆರಿಸುತ್ತ ಬರುತ್ತಿದ್ದಾರೆ. ನಾನು ಬಂದಾಗಿನಿಂದ ಒಂದನ್ನೂ ಆರಿಸಿರಲಿಲ್ಲ. ರೂಮು, ಬಚ್ಚಲು, ಮೆಟ್ಟಿಲು, ಎಲ್ಲ ಕಡೆ ಉರಿಯುತ್ತಿತ್ತು. ಅವರು ಟಕ್ ಟಕ್ ಎನ್ನಿಸುತ್ತ ನನ್ನ ರೂಮಿಗೂ ಬಂದು ಅಲ್ಲಿಯದಕ್ಕೂ ಕೈ ಇಟ್ಟರು. ನನಗೆ ತಡೆಯಲಾಗಲಿಲ್ಲ. ಬಾಯಲ್ಲಿ ಪೇಸ್ಟಿನ ನೊರೆ ಇದ್ದ ಹಾಗೇ ಕಿಟಕಿ ತೆಗೆದು ಪಕ್ಕದ ಮನೆಯ ಕಡೆಗೆ, "ಆರುಸ್ತಾವ್ರೆ ಕಣ್ರೋ!" ಎಂದು ಕೂಗಿಬಿಟ್ಟೆ.

ಹೂಗಿಡಕ್ಕೆ ನೀರು ಹಾಕುತ್ತಿದ್ದ ಪಕ್ಕದ ಮನೆಯವನು ಬೆಚ್ಚಿ ನೋಡಿ, ಆಮೇಲೆ ಕೈ ಬೀಸಿದ. ಯಾರ ಬಲ್ಬೂ ಸುಡಲಿಲ್ಲ. ಓಡಿ ಬಂದ ಐರಿನಮ್ಮ ವಿಷಯ ಕೇಳಿ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಉರ್ಸುಲಮ್ಮ ನಗಲಿಲ್ಲ. ಏನೋ ಕೇಳಿದರು.

"ನೀವು ಕತ್ತಲೆಗೆ ಹೆದರ್ತೀರಾ ಅಂತ ಕೇಳ್ತಿದ್ದಾರೆ ಮಂಜಣ್ಣ."

ನನಗೆ ರೋಷ ಬಂತು. ಕಾಟಿ ಕೋಣ ಎದುರಿಗೆ ಬಂದರೂ ಹೆದರದವನಿಗೆ ಈ ಮಾತೇ! ಐರಿನಮ್ಮನ ಮೂಲಕ ನಮ್ಮ ಕಟ್ಟುಪಾಡು ಪೂರಾ ಹೇಳಿಸಿದೆ. ಪುಟ್ಟಮ್ಮನ ಹಂಡೆಯ ಮಾತು ಬಂದಾಗ ಕ್ಲೌಸ್ ಮೇಜು ಬಡಿದು ನಕ್ಕ. ಆಮೇಲೆ ನಗು ನಿಲ್ಲಿಸಿ ಗಂಭೀರವಾಗಿ ಒಂದು ಮಾತು ಹೇಳಿದ. ಐರಿನಮ್ಮ ಅದನ್ನು ಹೇಳುವಾಗ ಅವರಿಗೇ ಆಶ್ಚರ್ಯ: "ನಮ್ಮ ದೇಶಕ್ಕೂ ಒಬ್ಬಳು ಪುಟ್ಟಮ್ಮ ಬೇಕಿತ್ತು ಅಂತಾನೆ. ಅದೆಂತಕ್ಕೆ ಅಂತ ಆಮೇಲೆ ತೋರಿಸ್ತಾನಂತೆ."

ಅವತ್ತಿನಿಂದ ಉರ್ಸುಲಮ್ಮ ನನಗೆ ಮೇಷ್ಟರಾದರು. ರೂಮು ಬಿಡುವಾಗ ಬಾಗಿಲಲ್ಲಿ ನಿಂತು ಸ್ವಿಚ್ಚಿನ ಕಡೆ ಬೆರಳು ತೋರಿಸುವುದು. ಮೊದಮೊದಲು ಬಾಯೊಳಗೇ "ಆರುಸ್ತೀನಿ" ಎಂದುಕೊಂಡು ಆರಿಸುತ್ತಿದ್ದೆ. ಆಮೇಲಾಮೇಲೆ ಕೈ ತಾನೇ ಹೋಗಿ ಆರಿಸಿ ಬರತೊಡಗಿತು. ಸುಳ್ಳೇಕೆ, ಹಿತವಾಗಿಯೂ ಇತ್ತು. ಯಾರನ್ನೂ ಕೇಳದೆ ಕತ್ತಲೆ ಮಾಡಿಕೊಳ್ಳುವ ಸುಖ! ತಮ್ಮಯ್ಯ ನೆನಪಾದ.

ಕ್ಲೌಸನ ಚಕ್ರದ ಮನೆ ದೇವರ ಕೋಣೆಯಷ್ಟು ಚೊಕ್ಕಟ. ಗೋಡೆಯ ಮೇಲೆ ಮೀಟರು. ಅವನು ಹುಟ್ಟಿಸಿದ್ದೆಲ್ಲ ಊರಿನ ಲೈನಿಗೆ ಹೋಗುತ್ತದೆ, ಲೈನಿನವರು ಬೇಡ ಎನ್ನುವ ಹಾಗಿಲ್ಲ, ಕೊಳ್ಳಲೇಬೇಕು, ಕಾನೂನು. ಮನೆಗೆ ಬೇಕಾದ್ದನ್ನು ಅವನು ಅದೇ ಲೈನಿನಿಂದ ಬೇರೆ ಕೊಳ್ಳುತ್ತಾನೆ. ನಾನು ಎರಡೆರಡು ಸಲ ಕೇಳಿದೆ: ಇವನು ಕಂಪನಿಯೋ? ಅಲ್ಲ. ಸಾಹುಕಾರನೋ? ಅಲ್ಲ, ಹಿಟ್ಟಿನ ಗಿರಣಿ ಇಟ್ಟಿದ್ದವನ ಮಗ. ನಿನ್ನ ಕರೆಂಟು ನೀನೇ ಕುಡಿ ಎಂದ ಆಫೀಸರ್ ಕಣ್ಣ ಮುಂದೆ ಬಂದ.

ಅದಕ್ಕಿಂತ ದೊಡ್ಡ ಪೆಟ್ಟು ಊಟದ ಹೊತ್ತಿಗೆ. ಫೋನು ಬಂತು. ಯಾರೋ ಕರೆಂಟು ಮಾರುವವನಂತೆ! ಈಗ ನಿಮಗೆ ಮಾರುವವರನ್ನು ಬಿಟ್ಟು ನಮ್ಮಲ್ಲಿ ಕೊಳ್ಳಿ, ನಮ್ಮದು ಗಾಳಿ, ನೀರಿನಿಂದ ತೆಗೆದ ಹಸಿರು ಕರೆಂಟು ಎನ್ನುತ್ತಾನಂತೆ. ಉರ್ಸುಲಮ್ಮ ಸೀರೆ ಅಂಗಡಿಯಲ್ಲಿ ಕೂತವರ ಹಾಗೆ ಅದು ಹೇಗೆ, ಇದು ಹೇಗೆ ಎಂದು ವಿಚಾರಿಸಿದರು.

"ತಂತಿ ಬೇರೆ ಎಳೀತಾರಾ ಐರಿನಮ್ಮ?"

"ಇಲ್ಲ, ಅದೇ ತಂತಿ."

"ಮತ್ತೆ ಬಂದಿದ್ದು ಯಾರ ಕರೆಂಟು ಅಂತ ಹೆಂಗೆ ಗೊತ್ತಾಗುತ್ತೆ?"

"ಗೊತ್ತಾಗುದಿಲ್ಲ ಮಾರಾಯ್ರೆ. ಡೈರಿಯಲ್ಲಿ ಎಲ್ಲರ ಹಾಲೂ ಒಂದೇ ಕ್ಯಾನಿಗೆ ಹೊಯ್ಯುದಿಲ್ವಾ? ಹಾಗೆ. ಲೆಕ್ಕ ಮಾತ್ರ ಬೇರೆ."

ಡೈರಿ ಅಂದಮೇಲೆ ಅರ್ಥವಾಯಿತು. ಆದರೆ ಹಾಲನ್ನು ಡೈರಿಯವರು ಮಾರನೆಯ ದಿನಕ್ಕೂ ತಣ್ಣಗಿಡುತ್ತಾರೆ. ಕರೆಂಟನ್ನು ಎಲ್ಲಿಡುತ್ತಾರೆ? ಅದನ್ನು ಕೇಳಿದ್ದಕ್ಕೆ ಕ್ಲೌಸ್ ಚಮಚ ಕೆಳಗಿಟ್ಟು, ಬಾ, ತೋರಿಸುತ್ತೇನೆ ಎಂದ.

ಸಮುದ್ರದ ಕಡೆ

ಕ್ಲೌಸ್, ಐರಿನಮ್ಮ, ನಾನು ಹೊರಟೆವು, ಉತ್ತರಕ್ಕೆ ಇಡೀ ದಿನದ ರೈಲು. ಬೆಟ್ಟ ಹೋಗಿ ಬಯಲಾಯಿತು. ದಾರಿಯಲ್ಲಿ ಕಾಫಿ ಕುಡಿಸಿದರು. ಚೊಂಬಿನಂಥ ಕಪ್ಪಿನ ತುಂಬ ಕರಿ ನೀರು. ಕಾಫಿ ಬೆಳೆಯುವ ಸೀಮೆಯವನು ನಾನು, ಕುಡಿದು ಚೆನ್ನಾಗಿದೆ ಎಂದೆ. ಅತಿಥಿ ಅಲ್ಲವೇ.

ಕ್ಲೌಸನ ತಂಗಿಯ ಗಂಡ ಅಲ್ಲಿ ಹಸು ಸಾಕಿಕೊಂಡಿರುವ ರೈತ. ಅವನ ಹೊಲದಂಚಿನಿಂದ ಕಣ್ಣು ಹೋಗುವ ತನಕ ಗಾಳಿಯ ಗಿರಣಿಗಳು, ಬಿಳೀ ಕಂಬದ ಮೇಲೆ ಮೂರು ರೆಕ್ಕೆ. ಗಾಳಿಯೋ, ನನ್ನ ಟೋಪಿ ಹಾರಿಹೋಗಿ ಹಸುವಿನ ಕೊಂಬಿಗೆ ಸಿಕ್ಕಿಕೊಂಡಿತು. ಅಂಥಾ ಗಾಳಿಯಲ್ಲಿ ನೋಡನೋಡುತ್ತಿದ್ದ ಹಾಗೆ ಎದುರಿನ ಗಿರಣಿ ನಿಧಾನವಾಯಿತು, ರೆಕ್ಕೆ ಮಡಚಿದ ಹಾಗೆ ತಿರುಚಿಕೊಂಡು ನಿಂತೇ ಹೋಯಿತು. ಅದರ ಪಕ್ಕದ್ದೂ ನಿಂತಿತು.

"ಕೆಟ್ಟೋಯ್ತಾ?" ಎಂದೆ.

ಕೆಟ್ಟಿಲ್ಲ. ತಂತಿಯ ಒಡೆಯರು ನಿಲ್ಲಿಸಿ ಎಂದರಂತೆ. ಗಾಳಿ ಜೋರಾಗಿ ಎಲ್ಲ ಗಿರಣಿಗಳೂ ಒಟ್ಟಿಗೆ ಹುಟ್ಟಿಸುತ್ತಿವೆ. ಇಲ್ಲಿ ಉಣ್ಣುವವರು ಕಡಿಮೆ. ದಕ್ಷಿಣದ ಕಾರ್ಖಾನೆಗಳಿಗೆ ಬೇಕು, ಆದರೆ ಅಷ್ಟನ್ನು ಹೊರುವ ತಂತಿ ಇಲ್ಲ. ಹೊಸ ತಂತಿ ಎಳೆಯೋಣವೆಂದರೆ ದಾರಿಯ ಒಂದೊಂದು ಊರಿನವರೂ ನಮ್ಮ ಹೊಲದ ಮೇಲೆ ಕಂಬ ಬೇಡ ಎನ್ನುತ್ತಾರೆ. ಗಾಳಿ ಬಿದ್ದು ಹೋದ ದಿನ ಎಲ್ಲರೂ ಕರೆಂಟು ಬೇಕು ಎನ್ನುತ್ತಾರೆ. ಆಗ ಕಲ್ಲಿದ್ದಲಿನ ಒಲೆ ಉರಿಸಬೇಕು.

ಕಾರು, ರೈಲು, ತಾನೇ ಆರುವ ದೀಪ, ಎಲ್ಲ ಮಾಡಿದ ಜನ. ಅವರ ಅಷ್ಟೂ ದೊಡ್ಡ ದೇಶಕ್ಕೆ ನಮ್ಮ ಒಂದು ಹಿಡಿ ಮನೆಗಳದೇ ಕಾಯಿಲೆ! ಹುಟ್ಟಿದ್ದನ್ನು ಆ ಗಳಿಗೆಯೇ ಉಣ್ಣಬೇಕು, ಇಲ್ಲವೇ ಚಕ್ರ ನಿಲ್ಲಿಸಬೇಕು. ನಾನು ಮಾಡಿದ್ದು ಬಡವನ ಕೆಲಸ, ಅದಕ್ಕೇ ಕೂಗಬೇಕಾಗಿ ಬಂದಿದೆ ಎಂದು ಒಳಗೊಳಗೇ ಕುಗ್ಗಿದ್ದೆ. ಇಲ್ಲಿ ನೋಡಿದರೆ ಇವರೂ ಕೂಗುತ್ತಿದ್ದಾರೆ. ಹೂಂ ಎನ್ನಲು ಹಂಡೆ ಇಟ್ಟುಕೊಂಡ ಪುಟ್ಟಮ್ಮ ಇಲ್ಲ, ಅಷ್ಟೆ. ಕ್ಲೌಸ್ ನನ್ನ ಮುಖ ನೋಡಿ, "ಪುಟ್ಟಮ್ಮ, ಪುಟ್ಟಮ್ಮ," ಎಂದು ನಿಂತ ಗಿರಣಿಯ ಕಡೆಗೆ ಕೈ ಚಾಚಿದ. ಅವನ ಬಾಯಲ್ಲಿ ಅದು ಯಾವುದೋ ದೇವತೆಯ ಹೆಸರಿನ ಹಾಗೆ ಕೇಳಿಸಿತು.

ಕ್ಲೌಸನ ಕಟ್ಟೆ

ವಾಪಸು ಬಂದ ಮೇಲೆ ಒಂದು ಬೆಳಗ್ಗೆ ನಾನೊಬ್ಬನೇ ಕಟ್ಟೆಯ ತನಕ ನಡೆದೆ. ಅಚ್ಚುಕಟ್ಟಾದ ಕಲ್ಲಿನ ಕಟ್ಟೆ. ಆದರೆ ಒಂದು ಪಕ್ಕದಲ್ಲಿ ಸಂದು ಬಿಟ್ಟು, ಅಲ್ಲಿಂದ ಮೆಟ್ಟಿಲ ಹಾಗೆ ಇಟ್ಟ ಕಲ್ಲುಗಳ ಮೇಲೆ ನೀರು ಭರ್ರನೆ ಹರಿದು ಹೋಗುತ್ತಿದೆ. ಚಕ್ರಕ್ಕೆ ಹೋಗಬೇಕಾದ ನೀರು! ನಮ್ಮ ಕಟ್ಟೆಯಲ್ಲಿ ಬೆರಳು ತೂರುವಷ್ಟು ಸೋರಿದರೂ ನಾನು ಮಣ್ಣು ಮೆತ್ತಿ ಬರುತ್ತೇನೆ, ದಿನದ ಮೊದಲ ಕೆಲಸ ಅದು. ಪಾಪ, ವಯಸ್ಸಾದವನು, ನೋಡಿಲ್ಲ ಎಂದುಕೊಂಡೆ. ಇಷ್ಟು ದಿನ ಉಪಚಾರ ಮಾಡಿಸಿಕೊಂಡಿದ್ದಕ್ಕೆ ಒಂದು ಕೆಲಸ ಮಾಡಿಕೊಟ್ಟ ಹಾಗೂ ಆಯಿತು.

ಬೂಟು ಕಳಚಿ, ಪ್ಯಾಂಟು ಮಡಚಿ ಇಳಿದೆ. ನೀರು ಕತ್ತಿಯ ಹಾಗೆ ಕೊರೆಯಿತು. ದಪ್ಪ ಕಲ್ಲು ಉರುಳಿಸಿ ಸಂದಿನ ಬಾಯಿಗಿಟ್ಟು, ಸಂದಿಗೆ ಚಿಕ್ಕ ಕಲ್ಲು ಜಡಿದು, ಹುಲ್ಲು ಹೆಂಟೆ ಕಿತ್ತು ಮೆತ್ತಿ ಒಂದು ತೊಟ್ಟೂ ಹೋಗದ ಹಾಗೆ ಕಟ್ಟಿದೆ. ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದೆ. ನಾನು ಮಾಡಿದ ಕೆಲಸ ನನಗೇ ಚೆಂದ ಕಂಡಿತು.

ಕ್ಲೌಸ್ ಕೂಗುತ್ತ ಓಡಿ ಬಂದ. ಆ ವಯಸ್ಸಿನವನು ಹಾಗೆ ಓಡಿದ್ದನ್ನು ನಾನು ನೋಡಿಲ್ಲ. ಚಪ್ಪಲಿ ಕಾಲಲ್ಲೇ ನೀರಿಗೆ ಹಾರಿ ನಾನು ಮೆತ್ತಿದ್ದನ್ನೆಲ್ಲ ಎರಡೂ ಕೈಯಲ್ಲಿ ಕಿತ್ತೆಸೆಯತೊಡಗಿದ. ಹಿಂದೆಯೇ ಬಂದ ಐರಿನಮ್ಮ ದಡದಿಂದಲೇ ಕೂಗಿದರು: "ಮಂಜಣ್ಣ, ತೆಗೀರಿ, ತೆಗೀರಿ! ಅದು ಮೀನಿನ ದಾರಿ!"

"ಏನದು?"

"ಮೀನು ಹತ್ತಿ ಹೋಗ್ಲಿಕ್ಕೆ ಮೆಟ್ಟಿಲು ಮಾರಾಯ್ರೆ! ಅದನ್ನು ಮುಚ್ಚಿದ್ರೆ ಇವನ ಮೇಲೆ ಕೇಸು ಹಾಕ್ತಾರೆ!"

ನಾನೂ ಬಗ್ಗಿ ಕಿತ್ತೆ. ಇಬ್ಬರೂ ಕಿತ್ತೆವು. ನೀರು ಮತ್ತೆ ಮೆಟ್ಟಿಲು ಇಳಿಯತೊಡಗಿದ ಮೇಲೆ ಇಬ್ಬರೂ ದಡದಲ್ಲಿ ಕೂತು ಏದುಸಿರು ಬಿಟ್ಟೆವು. ಆಗ ಅವನು ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಇಷ್ಟು ನೀರು ಹಳ್ಳದ ಪಾಲು, ಮೀನಿನ ಪಾಲು. ಅದನ್ನು ಬಿಟ್ಟು ಉಳಿದಿದ್ದು ಮಾತ್ರ ಅವನದು. ಬೇಸಿಗೆಯಲ್ಲಿ ನೀರು ಇಳಿದರೆ ಅವನ ಚಕ್ರ ನಿಲ್ಲಬೇಕು, ಮೀನಿನ ಪಾಲು ನಿಲ್ಲುವ ಹಾಗಿಲ್ಲ.

"ನನ್ನ ಅರ್ಧ ಕರೆಂಟು ಈ ಮೀನುಗಳೇ ತಿಂತವೆ ಅಂತ ಬೈತಾನೆ," ಎಂದರು ಐರಿನಮ್ಮ. "ಆದ್ರೂ ಬಿಡ್ತಾನೆ. ಬಿಡ್ಲೇಬೇಕು."

ಮೀನಿಗೆ ಪಾಲು! ನಮ್ಮಲ್ಲಿ ಹಳ್ಳವನ್ನು ಪೈಪಿಗೆ ತಿರುಗಿಸುತ್ತೇವೆ ಎಂದು ಬಂದ ಕಂಪನಿಯವರು ಮನುಷ್ಯರ ಪಾಲು ಎಷ್ಟು ಎಂದು ಕೂಡ ಕೇಳಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾವೂ ಕೇಳಿರಲಿಲ್ಲ. ಕೇಳಬಹುದು ಎಂದೇ ನಮಗೆ ಹೊಳೆದಿರಲಿಲ್ಲ.

ಆಗ ನಾನು ಬಂದ ಕೆಲಸ ಹೇಳಿದೆ. ಹಳ್ಳವನ್ನು ಪೂರ್ತಿ ಕಂಪನಿಗೆ ಕೊಟ್ಟವರು ಇಲ್ಲಿ ಯಾರಾದರೂ ಇದ್ದಾರೆಯೇ? ಕ್ಲೌಸ್ ಒದ್ದೆ ಬಟ್ಟೆ ಬದಲಾಯಿಸಿ ಬಂದು ಜೀಪು ತೆಗೆದ. ಗುಡ್ಡದ ಆಚೆಯ ಕಣಿವೆಗೆ ಕರೆದುಕೊಂಡು ಹೋದ. ಅಲ್ಲಿ ಸೇತುವೆ ಇತ್ತು, ಕೆಳಗೆ ಹಳ್ಳ ಇರಲಿಲ್ಲ. ಬಿಳೀ ಕಲ್ಲುಗಳು, ಎಲುಬಿನ ರಾಶಿಯ ಹಾಗೆ. ಮೀನಿನ ಕಾನೂನು ಬರುವುದಕ್ಕೆ ಬಹಳ ಹಿಂದೆ, ಕ್ಲೌಸನ ಅಜ್ಜನ ಕಾಲದಲ್ಲಿ ಆ ಊರಿನವರು ಹಳ್ಳವನ್ನು ಒಂದು ಕಂಪನಿಗೆ ಕೊಟ್ಟರಂತೆ. ಆ ಕರಾರು ಇನ್ನೂ ಮುಗಿದಿಲ್ಲ. ಕೊಟ್ಟವರೆಲ್ಲ ಮುಗಿದಿದ್ದಾರೆ.

"ಏನ್ ಸಿಕ್ತಂತೆ ಅವ್ರಿಗೆ?"

ಐರಿನಮ್ಮ ಕೇಳಿ ಹೇಳಿದರು: "ಮನೆಮನೆಗೆ ಲೈನು."

ಸೇತುವೆಯ ಕಂಬಿ ಹಿಡಿದುಕೊಂಡೆ. ಬಗ್ಗಿ ಆ ಬಿಳೀ ಕಲ್ಲುಗಳನ್ನು ಇನ್ನೊಂದು ಸಲ ನೋಡಿದೆ.

ಮೇಣದ ಬತ್ತಿ

ಅದೇ ಸಾಯಂಕಾಲ ಬಿರುಗಾಳಿ ಎದ್ದಿತು. ಸೂಪು ಬಡಿಸುವ ಹೊತ್ತಿಗೆ ದೀಪ ಹೋಯಿತು. ಎಲ್ಲೋ ಲೈನಿನ ಮೇಲೆ ಮರ ಬಿದ್ದಿರಬೇಕು ಎಂದ ಕ್ಲೌಸ್. ನಾನು ಎದೆಯುಬ್ಬಿಸಿ ಎದ್ದೆ. ಲೈನು ಹೋದರೆ ಹೋಗಲಿ, ಚಕ್ರ ಮನೆಯ ಕೆಳಗೇ ಇದೆಯಲ್ಲ, ನಡಿ, ಮನೆಗೆ ಮಾತ್ರ ಹಾಕೋಣ ಎಂದೆ.

ಕ್ಲೌಸ್ ಏಳಲಿಲ್ಲ. ಅವನ ಯಂತ್ರ ಲೈನಿನ ಕೈ ಹಿಡಿದುಕೊಂಡೇ ಓಡುವುದಂತೆ. ಲೈನು ಸತ್ತರೆ ಅದೂ ತಾನಾಗಿ ನಿಲ್ಲುತ್ತದೆ. ನಿಲ್ಲದೆ ತಂತಿಗೆ ಕರೆಂಟು ಬಿಡುತ್ತಿದ್ದರೆ ಎಲ್ಲೋ ಮರ ಕಡಿದು ತಂತಿ ಸರಿ ಮಾಡುತ್ತಿರುವ ಲೈನ್‌ಮ್ಯಾನ್ ಸಾಯುತ್ತಾನೆ. ನ್ಯಾಯವಾದ ಮಾತೇ. ಆದರೂ ನನಗೆ ನಂಬಲಾಗಲಿಲ್ಲ. ಕರೆಂಟು ಹುಟ್ಟುವ ಮನೆ. ಕಿಟಕಿಯ ಕೆಳಗೆ ನೀರು ಧೋ ಎಂದು ಬೀಳುತ್ತಿದೆ. ಒಳಗೆ ಮೇಣದ ಬತ್ತಿಯ ಬೆಳಕಿನಲ್ಲಿ ನಾಲ್ಕು ಜನ ಸೂಪು ಕುಡಿಯುತ್ತಿದ್ದೇವೆ!

ತಟ್ಟೆ ತೆಗೆಯುವಷ್ಟರಲ್ಲಿ ದೀಪ ಬಂತು. ಉರ್ಸುಲಮ್ಮ ಮೇಣದ ಬತ್ತಿಯನ್ನು ಊದಿ ಆರಿಸಿ, ನೋಡಿದೆಯಾ ಎನ್ನುವ ಹಾಗೆ ನನ್ನ ಕಡೆ ತಿರುಗಿದರು. ನೋಡಿದೆ. ಇಲ್ಲಿ ಮರ ಬಿದ್ದರೆ ಊಟ ಮುಗಿಯುವುದರೊಳಗೆ ಲೈನ್ ಬರುತ್ತದೆ. ಹೆಗ್ಗದ್ದೆಯ ಕಡೆ ಮಳೆಗಾಲದಲ್ಲಿ ಮರ ಬಿದ್ದರೆ ಲೈನ್‌ಮ್ಯಾನ್ ಬರುವಷ್ಟರಲ್ಲಿ ಆ ಮರದ ಮೇಲೆ ಅಣಬೆ ಎದ್ದಿರುತ್ತದೆ.

ಮತ್ತೆ ಕಲ್ಲುಹಳ್ಳ

ಮನೆಗೆ ಬಂದು ಬಿಸಿನೀರು ಹುಯ್ದುಕೊಂಡು, ಉಂಡು ಎದ್ದೆ. ಎಲ್ಲರೂ ಪುಟ್ಟಮ್ಮನ ಅಂಗಳದಲ್ಲಿ ಸೇರುತ್ತಿದ್ದಾರೆ, ಬೇಗ ನಡೀರಿ ಎಂದಳು ನನ್ನ ಹೆಂಡತಿ ಜಯ. ಏನು ಹೇಳಲಿ, ಹೇಗೆ ಹೇಳಲಿ ಎಂದು ಯೋಚಿಸುತ್ತ ಹೊರಟೆ. ರೂಮಿನಿಂದ ಹೊರಗೆ ಬರುವಾಗ ಟಕ್. ಅಡಿಗೆಮನೆ ದಾಟುವಾಗ ಟಕ್. ಬಚ್ಚಲು, ಜಗಲಿ, ಟಕ್ ಟಕ್.

ಪಕ್ಕದ ಮನೆಯಲ್ಲಿ ಪಟ್ ಎಂದಿತು. ಅದರಾಚೆ ಇನ್ನೊಂದು ಪಟ್.

"ಯಾವನ್ಲಾ ಅವ್ನು ಕೂಗ್ದೆ ಆರ್ಸಿದ್ದು?" ಎಂದು ತಮ್ಮಯ್ಯ ಅಂಗಳಕ್ಕೆ ಹಾರಿದ. ಕತ್ತಲೆಯಾಗಿದ್ದ ನಮ್ಮ ಮನೆ ಮುಂದೆ ನಾನು ನಿಂತಿದ್ದೆ. "ಮಂಜ! ನೀನಾ? ಜರ್ಮನಿಗೋಗಿ ಬಲ್ಬ್ ಸುಡಾದ್ ಕಲ್ತ್‌ಬುಟ್ಟಾ?"

"ಏನ್ರೀ ಬಂದೈತೆ ನಿಮ್ಗೆ?" ಎಂದು ಜಯ ಹಣೆ ಚಚ್ಚಿಕೊಂಡಳು.

ಇಷ್ಟು ವರ್ಷದಲ್ಲಿ ಹಾಗೆ ಮಾಡಿದವನು ನಾನಲ್ಲ. ಕಟ್ಟುಪಾಡು ಮಾಡಿದವನೇ ನಾನು. ನನ್ನ ಕೈ ನೋಡಿಕೊಂಡು ನಿಂತೆ. ಒಂದೆರಡು ವಾರದಲ್ಲಿ ಪಕ್ಕದ ಮನೆಯನ್ನು ಮರೆಯುವುದನ್ನು ಕೈ ಕಲಿತು ಬಂದಿತ್ತು. ಅಲ್ಲಿ ಕಂಡ ಯಾವುದೂ ನನ್ನನ್ನು ಇಷ್ಟು ಬೆಚ್ಚಿಸಿರಲಿಲ್ಲ.

ಅಂಗಳದಲ್ಲಿ ಎಲ್ಲ ಹೇಳಿದೆ. ನಿಂತ ಗಿರಣಿ, ಬಿಳೀ ಕಲ್ಲಿನ ಹಳ್ಳ, ಮೇಣದ ಬತ್ತಿ. ಲೈನಿನ ಸುಖವನ್ನೂ ಮುಚ್ಚಿಡಲಿಲ್ಲ. ಮೀನಿನ ಮೆಟ್ಟಿಲ ಮಾತಿಗೆ ಪುಟ್ಟಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಮೀನ್ಗೆ ಮೆಟ್ಲು ಕಟ್ಟವ್ರಾ? ನಮ್ ಶಾಲೆಗೇ ಇಲ್ವಲ್ಲಾ!"

ತಮ್ಮಯ್ಯ ಮಾತ್ರ ಬಗ್ಗಲಿಲ್ಲ. "ನೀನ್ ಅಲ್ಲಿ ಸುಖವಾಗಿ ದೀಪ ಆರ್ಸಿ ಬಂದೆ. ನಾವ್ ಮಾತ್ರ ಕೂಗ್ತಾ ಇರ್ಬೇಕು, ಅಲ್ವೇನೋ?"

"ಲೈನ್ ಬರ್ಲಿ ತಮ್ಮಯ್ಯ," ಎಂದೆ. "ಆದ್ರೆ ಕಂಪ್ನಿಯೋರು ಹಳ್ಳದಾಗೆ ಆ ಜರ್ಮನಿ ಮೀನ್ಗೆ ಬಿಡೋಷ್ಟು ನೀರು ನಮ್ಗೂ ಬಿಡ್ಲಿ. ಬೇಸ್ಗೇಲೂ ಬಿಡ್ಲಿ. ಅಷ್ಟಿದ್ರೆ ನಮ್ ಚಕ್ರಾನೂ ತಿರುಗ್ತೈತೆ. ಒಪ್ಪಿದ್ರೆ ಹೆಬ್ಬೆಟ್ಟು ಒತ್ತಾನ."

ಕೆಲವು ದಿನದ ಮೇಲೆ ಕಂಪನಿಯ ಮ್ಯಾನೇಜರ್ ಜೀಪಿನಲ್ಲಿ ಬಂದರು. ಪುಟ್ಟಮ್ಮನ ಜಗಲಿಯಲ್ಲಿ ಕೂತು ಕಾಫಿ ಕುಡಿದರು. ಒಳ್ಳೆಯ ಮನುಷ್ಯ, ಗದರುವವರಲ್ಲ. ನಾನು ನಮ್ಮ ಮಾತು ಹೇಳಿದೆ.

"ಮೀನಿಗಾ?" ಎಂದು ನಕ್ಕರು. "ಗೌಡ್ರೇ, ನೀವು ನೋಡಿಬಂದಿದ್ದು ಜರ್ಮನಿ. ನಮಗೆ ಅಂಥ ಕಾನೂನು ಯಾರೂ ಹೇಳಿಲ್ಲ."

"ಕಾನೂನ್ ಇಲ್ದಿದ್ರೆ ಏನ್ ಸ್ವಾಮಿ," ಎಂದಳು ಪುಟ್ಟಮ್ಮ, "ಮೀನ್ ಐತಲ್ಲ."

ಮ್ಯಾನೇಜರ್ ಲೋಟ ಕೆಳಗಿಟ್ಟರು. ಮಳೆಗಾಲದಲ್ಲಿ ಎಷ್ಟು ಬೇಕಾದರೂ ಬಿಡುತ್ತೇವೆ ಎಂದರು. ಮಳೆಗಾಲದಲ್ಲಿ ನೀವು ಬಿಡದಿದ್ದರೂ ಬರುತ್ತದೆ, ಬೇಸಿಗೆಯ ಮಾತು ಹೇಳಿ ಎಂದೆ. ಬೇಸಿಗೆಯ ಒಂದೊಂದು ತೊಟ್ಟೂ ಮಿಷನ್ನಿಗೆ ಬೇಕು, ಅದು ಆಗುವುದಿಲ್ಲ, ಹಳ್ಳ ಕೊಡದಿದ್ದರೆ ಲೈನಿನ ಮಾತೂ ಇಲ್ಲ, ಇನ್ನೊಂದು ಕಣಿವೆ ನೋಡಿಕೊಳ್ಳುತ್ತೇವೆ ಎಂದರು. ಕೂಗಾಡಲಿಲ್ಲ, ತಣ್ಣಗೇ ಹೇಳಿದರು.

ಎಲ್ಲರ ಕಣ್ಣೂ ತಮ್ಮಯ್ಯನ ಮೇಲೆ. ಲೈನಿಗಾಗಿ ಕುಣಿದವನು ಅವನು. ಅವನೊಬ್ಬ ಹೂಂ ಎಂದರೆ ಅರ್ಧ ಊರು ಅವನ ಹಿಂದೆ ಹೋಗುತ್ತಿತ್ತು. ತಮ್ಮಯ್ಯ ಮ್ಯಾನೇಜರನ್ನು ನೋಡಿದ, ನನ್ನನ್ನು ನೋಡಿದ, ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ಅವನು ಮನೆಯೊಳಗೆ ಹೋಗಿದ್ದು ಕಂಡಿತು. ಹಳ್ಳದ ಸದ್ದೊಂದೇ.

ಆಮೇಲೆ ಅವನ ಅಂಗಳದಿಂದ, ಗುಡ್ಡಕ್ಕೆ ಹೊಡೆದು ಮರಳುವ ಹಾಗೆ, ಇನ್ನು ಕೂಗಲ್ಲ ಎಂದಿದ್ದವನ ದನಿ ಬಂತು:

"ಪುಟ್ಟಕ್ಕೋ, ಆರುಸ್ತೀನಿ!"

ಪುಟ್ಟಮ್ಮ ಸೆರಗು ಕೊಡವಿ ಎದ್ದಳು. ಬಚ್ಚಲಿಗೆ ಹೋಗಿ ಕಾಯಿಲಿನ ಸ್ವಿಚ್ ಒತ್ತಿದಳು. "ಹೂಂ, ಆರ್ಸು!"

ಏನು ಅದು ಎಂದು ಮ್ಯಾನೇಜರ್ ನನ್ನನ್ನು ಕೇಳಿದರು. ನಾನು ಹೇಳುವ ಮುಂಚೆ ಪುಟ್ಟಮ್ಮನೇ ಬಾಗಿಲಿಗೆ ಬಂದಳು.

"ನೀರ್ ಕಾಯ್ತಾ ಐತೆ ಸ್ವಾಮಿ," ಎಂದಳು. "ದೂರದಿಂದ ಬಂದಿದೀರಿ. ಕೈಕಾಲ್ ತೊಳ್ಕೊಂಡ್ ಹೋಗಿ."